ಮದುವೆಗೆಂದು ಮರ ಮಾರುವ ಮುನ್ನ



ಕಾಫಿ ಕೊಯ್ಲು ಮುಗಿದು ಕಣದಲ್ಲಿ ಒಣಗಿದ್ದೆಲ್ಲ ಮೂಟೆ ಸೇರಿದೆ. ರೊಬಸ್ಟಾದವರು ಸ್ಪ್ರಿಂಕ್ಲರ್ ಹಾಕಿ ಹೂ ಬಿಡಿಸಿಕೊಂಡಿದ್ದಾರೆ. ಅರೇಬಿಕಾದವರು ಹೂಮಳೆಗಾಗಿ ಮೋಡ ನೋಡುತ್ತಿದ್ದಾರೆ. ಅಲ್ಲಲ್ಲಿ ಏಣಿ ಹಾಕಿ ಮೆಣಸು ಕೊಯ್ಯುವುದು ಮಾತ್ರ ಉಳಿದಿದೆ. ಈ ದಿನಗಳಲ್ಲಿ ನನ್ನಂಥ ವಿಸ್ತರಣಾಧಿಕಾರಿಯ ಮೇಜಿಗೆ ರೋಗ ಹಿಡಿದ ಎಲೆಗಿಂತ ಲಗ್ನಪತ್ರಿಕೆಗಳೇ ಹೆಚ್ಚಾಗಿ ಬಂದು ಬೀಳುತ್ತವೆ.

ಕಳೆದ ವಾರ ಬಣಕಲ್ ಕಡೆಯ ರೈತರೊಬ್ಬರು ಬಂದಿದ್ದರು. ಐದು ಎಕರೆ ತೋಟ. ಮೂರು ಅರೇಬಿಕಾ, ಎರಡು ರೊಬಸ್ಟಾ. ವೈಶಾಖದಲ್ಲಿ ಮಗಳ ಮದುವೆ. ಗೊಬ್ಬರದ ಮಾತೆಲ್ಲ ಮುಗಿಸಿ ಬಾಗಿಲ ತನಕ ಹೋದವರು ತಿರುಗಿ ಬಂದು ಕೇಳಿದರು: "ಸಾರ್, ಆ ಮೇಲಿನ ಪಟ್ಟಿಯ ಸಿಲ್ವರ್ ಮರ ಕೊಟ್ಟುಬಿಡಬಹುದಾ? ವ್ಯಾಪಾರಿ ಬಂದು ನೋಡಿಕೊಂಡು ಹೋಗಿದ್ದಾನೆ."

ಈ ಪ್ರಶ್ನೆಯನ್ನು ನಾನು ಪ್ರತಿ ವರ್ಷ ಇದೇ ತಿಂಗಳಲ್ಲಿ ಕೇಳುತ್ತೇನೆ. ಕೇಳುವವರು ತೋಟದ ಪ್ರಶ್ನೆಯೆಂಬಂತೆ ಕೇಳುತ್ತಾರೆ. ಆದರೆ ಅದು ಮದುವೆಯ ಪ್ರಶ್ನೆ. ಆದ್ದರಿಂದ ಈ ವಾರ ಮದುವೆಯ ವಿಚಾರವನ್ನೇ ಬರೆಯುತ್ತೇನೆ. ಕೃಷಿ ಪುಟದಲ್ಲಿ ಮದುವೆಗೇನು ಕೆಲಸ ಎಂದು ತಾವು ಕೇಳಲಾರಿರಿ. ಸಣ್ಣ ತೋಟವೊಂದನ್ನು ಒಂದೇ ವರ್ಷದಲ್ಲಿ ಹತ್ತು ವರ್ಷ ಹಿಂದಕ್ಕೆ ತಳ್ಳಬಲ್ಲ ಖರ್ಚು ಯಾವುದೆಂದು ತಮಗೂ ಗೊತ್ತಿದೆ.

ಮೊದಲು ಮರದ ಲೆಕ್ಕ ನೋಡೋಣ. ಅರೇಬಿಕಾ ಪಟ್ಟಿಯ ಮೇಲಿನ ನೆರಳು ಒಮ್ಮೆಲೇ ಹೋದರೆ ಬಿಸಿಲು ನೇರವಾಗಿ ಗಿಡದ ಕಾಂಡಕ್ಕೆ ಬೀಳುತ್ತದೆ. ಬಿಳಿ ಕಾಂಡಕೊರಕದ ದುಂಬಿಗೆ ಬೇಕಾದದ್ದು ಅದೇ. ಏಪ್ರಿಲ್, ಮೇ ತಿಂಗಳಲ್ಲಿ ಒಮ್ಮೆ, ಅಕ್ಟೋಬರ್‌ನಿಂದ ಡಿಸೆಂಬರ್ ನಡುವೆ ಇನ್ನೊಮ್ಮೆ ಈ ದುಂಬಿ ಹೊರಬಂದು ಹಾರುತ್ತದೆ. ಬಿಸಿಲು ತಾಗುವ ಗಿಡವನ್ನು ಹುಡುಕಿ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಮರಿಹುಳು ಕಾಂಡದೊಳಗೆ ಸುರಂಗ ಕೊರೆಯುತ್ತಾ ಹೋಗುತ್ತದೆ. ಎಲೆ ಹಳದಿಯಾಗಿ ಜೋತುಬಿದ್ದಾಗ ನಮಗೆ ತಿಳಿಯುವುದು. ಅಷ್ಟರಲ್ಲಿ ಗಿಡ ಕೈಬಿಟ್ಟಿರುತ್ತದೆ. ಕಿತ್ತು ಸುಡುವುದೊಂದೇ ದಾರಿ. ಮದುವೆಗೆಂದು ಮರ ಇಳಿಯುವುದು ಸರಿಯಾಗಿ ಮಾರ್ಚ್ ಏಪ್ರಿಲ್‌ನಲ್ಲಿ. ಅಂದರೆ ನೆಂಟರಿಗೆ ಹಂಚುವಾಗಲೇ ದುಂಬಿಗೂ ಒಂದು ಲಗ್ನಪತ್ರಿಕೆ ಕೊಟ್ಟಂತೆ. ಇಷ್ಟಲ್ಲದೆ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯೂ ಮರದ ಜೊತೆಗೇ ನೆಲಕ್ಕೆ ಬರುತ್ತದೆ. ವ್ಯಾಪಾರಿ ಮರಕ್ಕೆ ದುಡ್ಡು ಕೊಡುತ್ತಾನೆ, ಬಳ್ಳಿಗೆ ಕೊಡುವುದಿಲ್ಲ. ಹೊಸ ಸಸಿ ನೆಟ್ಟು ಅದು ಬೆಳೆದು, ಅದಕ್ಕೆ ಬಳ್ಳಿ ಹತ್ತಿಸಿ, ಬಳ್ಳಿ ಫಸಲಿಗೆ ಬರುವ ಹೊತ್ತಿಗೆ ಮದುವೆಯಾದ ಮಗಳ ಮಕ್ಕಳು ಶಾಲೆಗೆ ಹೋಗುತ್ತಿರುತ್ತಾರೆ.

ಇದನ್ನು ನಾನು ಪುಸ್ತಕದಲ್ಲಿ ಓದಿದ್ದೇನೆ. ಮನೆಯಲ್ಲಿಯೂ ಕಂಡಿದ್ದೇನೆ.

ನಮ್ಮ ತಂದೆಯವರ ಕಾಲದಲ್ಲಿ ಕಾಫಿಯನ್ನು ಬೋರ್ಡಿಗೆ ಹಾಕಬೇಕಿತ್ತು. ದುಡ್ಡು ಕಂತುಗಳಲ್ಲಿ ಬರುತ್ತಿತ್ತು. ಮದುವೆಯ ಮಾತಾಡುವಾಗ ಹಿರಿಯರು ಪಂಚಾಂಗದ ಜೊತೆಗೆ ಬೋರ್ಡಿನ ಕಂತನ್ನೂ ನೋಡುತ್ತಿದ್ದರು. ಕೈಗೆ ಬಂದಷ್ಟರಲ್ಲಿ ಮದುವೆ. ತೊಂಬತ್ತರ ದಶಕದಲ್ಲಿ ಆ ಪದ್ಧತಿ ಹಂತ ಹಂತವಾಗಿ ಸಡಿಲವಾಗಿ 1996ರ ಹೊತ್ತಿಗೆ ಪೂರ್ತಿ ಹೋಯಿತು. ಅದರ ನಡುವೆಯೇ 1994ರಲ್ಲಿ ಬ್ರೆಜಿಲ್ ದೇಶದ ಕಾಫಿಗೆ ಹಿಮ ಬಡಿದು ಇಲ್ಲಿ ಬೆಲೆ ಏರಿತು. ಎಲ್ಲೋ ಬಿದ್ದ ಹಿಮಕ್ಕೆ ನಮ್ಮ ಕಡೆ ಜೀಪುಗಳು ಬಂದವು, ತಾರಸಿ ಮನೆಗಳು ಎದ್ದವು, ಮದುವೆಗಳು ಅಂಗಳದಿಂದ ಛತ್ರಕ್ಕೆ ಹೋದವು. ನಮ್ಮ ದೊಡ್ಡಪ್ಪನ ಮಗಳ ಮದುವೆ 1995ರಲ್ಲಿ ಹಾಗೆ ನಡೆಯಿತು. ಜನ ಇವತ್ತಿಗೂ ಆ ಮದುವೆಯ ಮಾತಾಡುತ್ತಾರೆ.

ನಮ್ಮ ಅಕ್ಕನ ಮದುವೆ ಗೊತ್ತಾದದ್ದು 2002ರಲ್ಲಿ. ಆಗ ಕಾಫಿ ಬೆಲೆ ನೆಲ ಕಚ್ಚಿತ್ತು. ಕೊಯ್ದ ಕೂಲಿಯೂ ಹುಟ್ಟುವುದಿಲ್ಲವೆಂದು ಗಿಡದಲ್ಲೇ ಹಣ್ಣು ಬಿಟ್ಟವರನ್ನು ನಾನು ಕಂಡಿದ್ದೇನೆ. ಆದರೆ ಮದುವೆಯ ಅಳತೆ ಮಾತ್ರ 1995ರದ್ದೇ. ದೊಡ್ಡಪ್ಪನ ಮನೆಗಿಂತ ಕಡಿಮೆಯಾಗಬಾರದು. ಅಪ್ಪ ಮೇಲಿನ ಪಟ್ಟಿಯ 38 ಸಿಲ್ವರ್ ಮರ ಕೊಟ್ಟರು. ನಾನಾಗ ಬಿ.ಎಸ್ಸಿ. ಕೃಷಿ ಪದವಿ ಮುಗಿಸಿ ಆಗತಾನೇ ಮನೆಗೆ ಬಂದಿದ್ದೆ. ಕಾಂಡಕೊರಕದ ಬಗ್ಗೆ ಪರೀಕ್ಷೆಯಲ್ಲಿ ಎರಡು ಪುಟ ಬರೆದವನು. ಮರ ಬೀಳುವಾಗ ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ. ಅಕ್ಕನ ಮದುವೆಗೆ ತಮ್ಮನೇ ಅಡ್ಡ ಬಂದ ಎನ್ನಿಸಿಕೊಳ್ಳಲು ಧೈರ್ಯ ಸಾಲಲಿಲ್ಲ.

ಮೂರನೇ ವರ್ಷದ ಹೊತ್ತಿಗೆ ಆ ಪಟ್ಟಿಯಲ್ಲಿ 260 ಗಿಡ ಕಿತ್ತು ಸುಟ್ಟೆವು. ಅಪ್ಪ ಒಂದು ಮಾತೂ ಆಡಲಿಲ್ಲ. ಸಾಯುವ ತನಕ ಆ ಪಟ್ಟಿಗೆ ಕಾಲಿಡುವುದನ್ನು ಕಡಿಮೆ ಮಾಡಿದರು, ಅಷ್ಟೆ. ಎಷ್ಟೋ ವರ್ಷದ ಮೇಲೆ ಅಕ್ಕನನ್ನು ಕೇಳಿದೆ, ನಿನ್ನ ಮದುವೆಯಲ್ಲಿ ಏನು ನೆನಪಿದೆ ಎಂದು. ಅವಳೆಂದಳು: "ಊಟಕ್ಕೆ ಎಂತ ಮಾಡಿಸಿದ್ರು ಅಂತ ನಂಗೆ ನೆನಪಿಲ್ಲ ಮಾರಾಯ. ಚಪ್ಪರದ ಹಿಂದಿನ ರಾತ್ರಿ ಅಪ್ಪ ಜಗುಲಿ ಮೇಲೆ ಕೂತು ದುಡ್ಡು ಎಣಿಸಿ, ಮತ್ತೆ ಎಣಿಸಿ, ಮತ್ತೆ ಎಣಿಸ್ತಾ ಇದ್ದಿದ್ದು ನೆನಪಿದೆ."

ಈಚೆಗೆ ನಮ್ಮ ಕಡೆಯೂ ಮದುವೆಯನ್ನು ಪೂರ್ತಿ ಗುತ್ತಿಗೆಗೆ ವಹಿಸಿಕೊಂಡು ಮಾಡುವವರು ಬಂದಿದ್ದಾರೆ. ಅವರಲ್ಲೊಬ್ಬರು ನನ್ನ ಪರಿಚಯದವರು. ಮೊದಲು ಶಾಮಿಯಾನ ಮತ್ತು ಪಾತ್ರೆ ಬಾಡಿಗೆಗೆ ಕೊಡುತ್ತಿದ್ದರು. ಈಗ ಅಡುಗೆ, ಹೂವು, ದೀಪ, ಫೋಟೋ, ನೆಂಟರನ್ನು ತರುವ ವ್ಯಾನು, ಎಲ್ಲವೂ ಅವರದೇ. ಒಮ್ಮೆ ಕೊಟ್ಟಿಗೆಹಾರದ ಕೈಮರದ ಬಳಿ ನೀರುದೋಸೆ ತಿನ್ನುತ್ತಾ ಕೂತಾಗ ಕೇಳಿದೆ: ಇಷ್ಟು ಮದುವೆ ಮಾಡಿಸಿದ್ದೀರಿ, ಜನ ಕೊನೆಗೆ ಏನನ್ನು ಮೆಚ್ಚುತ್ತಾರೆ?

ಅವರು ಬಹಳ ಹೊತ್ತು ಯೋಚಿಸಲಿಲ್ಲ. ಬಾಗಿಲಲ್ಲಿ ಹೆಸರು ಹಿಡಿದು ಕರೆಯುವವರು ಒಬ್ಬರು ಇರಬೇಕಂತೆ. ಊಟ ಹೊತ್ತಿಗೆ ಆಗಬೇಕು, ಬಿಸಿ ಇರಬೇಕು. ವಯಸ್ಸಾದವರಿಗೆ ಕೂರಲು ಕುರ್ಚಿ, ಹತ್ತಿರದಲ್ಲಿ ಶೌಚಾಲಯ. ಇಷ್ಟಾದರೆ ಯಾರೂ ದೂರುವುದಿಲ್ಲ. "ಉಳಿದದ್ದಕ್ಕೆಲ್ಲ ನಾನು ಬಿಲ್ಲು ಮಾಡ್ತೀನಿ ಸಾರ್, ಆದರೆ ಅದನ್ನ ಯಾರೂ ನೆನಪಿಟ್ಟುಕೊಳ್ಳೋದಿಲ್ಲ" ಎಂದರು. ಊಟಕ್ಕೆ ಇಪ್ಪತ್ತೈದು ಬಗೆ ಮಾಡಿಸಿದ ಮನೆಯ ಯಜಮಾನ ಸಂಜೆ ನಾಲ್ಕಕ್ಕೆ ಅಡುಗೆಯವರ ಪಕ್ಕ ನಿಂತು ಎರಡು ತುತ್ತು ಮೊಸರನ್ನ ತಿಂದದ್ದನ್ನು ಅವರು ನೋಡಿದ್ದಾರೆ. ಫೋಟೋದವರು ಬಿಡದೆ ಹುಡುಗಿಗೆ ತಲೆ ಸುತ್ತು ಬಂದದ್ದನ್ನೂ ನೋಡಿದ್ದಾರೆ.

ಅವರು ಹೇಳಿದ ಇನ್ನೊಂದು ಮಾತು ನನಗೆ ನಾಟಿತು. 2020ರ ಮೇ ತಿಂಗಳಲ್ಲಿ ಕೊರೋನಾ ಕಾರಣದಿಂದ ಮದುವೆಗೆ 50 ಜನ ಮೀರಬಾರದೆಂದು ಸರ್ಕಾರ ಕಟ್ಟು ಹಾಕಿತ್ತಲ್ಲ, ಆಗಿನ ಸಂಗತಿ. ಒಂದು ಮನೆಯಲ್ಲಿ ಹೆಸರಿನ ಪಟ್ಟಿ ಮಾಡಲು ಇವರನ್ನೂ ಕೂರಿಸಿಕೊಂಡರಂತೆ. ಮೊದಲು ಸಾವಿರ ಪತ್ರಿಕೆ ಅಚ್ಚು ಹಾಕಿಸಲು ಹೊರಟಿದ್ದ ಮನೆ. "ಇವರು ಬರಲೇಬೇಕು ಅಂತ ಬರೀತಾ ಹೋದರೆ ಮೂವತ್ತೆಂಟಕ್ಕೆ ನಿಂತಿತು ಸಾರ್. ಆಮೇಲೆ ಯಾರೂ ಮಾತಾಡಲಿಲ್ಲ. ಹೆಂಗಸರು ಒಳಗೆ ಎದ್ದು ಹೋದರು." ಆ ಮದುವೆ ಅಂಗಳದಲ್ಲಿ ನಡೆಯಿತು. ಬೈನೆ ಸುಳಿ, ಮಾವಿನ ಸೊಪ್ಪು, ಅಡಿಕೆಯ ಹಿಂಗಾರ, ಎಲ್ಲವನ್ನೂ ಅಕ್ಕಪಕ್ಕದ ಹುಡುಗರು ತೋಟದಿಂದಲೇ ತಂದರು. ಕೆಲಸವಿಲ್ಲದೆ ಕೂತಿದ್ದ ಗುತ್ತಿಗೆದಾರರು ಬಿಲ್ಲಿಲ್ಲದೆ ಬಡಿಸಲು ನಿಂತರು. ಬಡಿಸಿದ್ದಕ್ಕೆ ಕೈಮುಗಿದು ಕಣ್ಣೊರೆಸಿಕೊಂಡ ಮನೆ ಅದೊಂದೇ ಎನ್ನುತ್ತಾರೆ.

ಮುಯ್ಯಿ ಎಂಬ ಮಾತು ತಮಗೆಲ್ಲ ತಿಳಿದದ್ದೇ. ಗದ್ದೆ ನಾಟಿಗೆ ಇವತ್ತು ನಾನು ನಿಮ್ಮಲ್ಲಿಗೆ, ನಾಳೆ ನೀವು ನನ್ನಲ್ಲಿಗೆ, ಅದು ಮುಯ್ಯಾಳು. ಮದುವೆಯಲ್ಲಿ ಕೈಗಿಡುವ ದುಡ್ಡೂ ಮುಯ್ಯಿಯೇ. ನಾಟಿಗೂ ಮದುವೆಗೂ ಒಂದೇ ಹೆಸರಿಟ್ಟ ಹಿರಿಯರಿಗೆ ಲೆಕ್ಕ ಗೊತ್ತಿತ್ತು. ಚಪ್ಪರ ಹಾಕಲು ಬಂದವರ ಮನೆಯ ಚಪ್ಪರಕ್ಕೆ ಹೋಗಬೇಕು. ಹಿಂದಿನ ರಾತ್ರಿ ಬಂದು ತರಕಾರಿ ಹೆಚ್ಚಿದ, ಕಾಯಿ ತುರಿದ ಹೆಂಗಸರ ಮನೆಯ ಬಾಣಂತನಕ್ಕೋ ಸಾವಿಗೋ ನಾವು ಮೊದಲು ಓಡಬೇಕು. ಈಗ ಎಲ್ಲವನ್ನೂ ದುಡ್ಡು ಕೊಟ್ಟು ಮಾಡಿಸಿದಾಗ ಯಾರಿಗೂ ಯಾರ ಋಣವೂ ಉಳಿಯುವುದಿಲ್ಲ. ಹಾಯಾಗಿದೆ ಎನ್ನಿಸುತ್ತದೆ. ಆದರೆ 2019ರ ಆಗಸ್ಟ್ ಮಳೆಯಲ್ಲಿ ಚಾರ್ಮಾಡಿ ಘಾಟಿ ಕುಸಿದು, ನಮ್ಮ ಮೂಡಿಗೆರೆ ತಾಲ್ಲೂಕಿನಲ್ಲೇ ಗುಡ್ಡ ಜಾರಿ ತೋಟ ಗದ್ದೆ ಮುಚ್ಚಿದಾಗ, ಹಗ್ಗ ಗುದ್ದಲಿ ಹಿಡಿದು ಮೊದಲು ಬಂದವರು ಯಾರೆಂಬುದನ್ನು ಆ ಊರಿನವರನ್ನು ಕೇಳಿ ನೋಡಿ. ಗುತ್ತಿಗೆಯವರಂತೂ ಅಲ್ಲ.

ಹಾಗೆಂದು ಹಿಂದಿನದೆಲ್ಲ ಬಂಗಾರ ಎಂದು ನಾನು ಹೇಳಲಾರೆ. ಆ ಮುಯ್ಯಿಯಲ್ಲಿ ಹೆಂಗಸರ ಕೈಯೇ ಹೆಚ್ಚು ಸವೆದದ್ದು. ತೋಟದ ಲೈನಿನಲ್ಲಿದ್ದವರಿಗೆ ಕಡೆಯ ಪಂಕ್ತಿ, ಅದೂ ಅಂಗಳದ ಆಚೆ. ಆ ಭಾಗ ಹೋದದ್ದಕ್ಕೆ ನನಗೆ ಸಂಕಟವಿಲ್ಲ.

ಸರಳ ಮದುವೆಯ ದೊಡ್ಡ ಉದಾಹರಣೆಗೆ ನಾವು ದೂರ ಹೋಗಬೇಕಾಗಿಲ್ಲ. ಕುವೆಂಪು ಅವರು ಮಂತ್ರ ಮಾಂಗಲ್ಯ ಎಂಬ ವಿವಾಹ ವಿಧಿಯನ್ನು ರೂಪಿಸಿದರು. ಪುರೋಹಿತರಿಲ್ಲ, ವರದಕ್ಷಿಣೆಯಿಲ್ಲ, ಆಡಂಬರವಿಲ್ಲ. ವೇದ ಉಪನಿಷತ್ತುಗಳಿಂದ ಆರಿಸಿದ ಮಂತ್ರಗಳನ್ನೂ ಅವುಗಳ ಕನ್ನಡ ಅರ್ಥವನ್ನೂ ಓದಿ, ವಧೂವರರು ಎಲ್ಲರೆದುರು ಪ್ರತಿಜ್ಞೆ ಮಾಡುತ್ತಾರೆ. 1966ರಲ್ಲಿ ಆ ರೀತಿಯಲ್ಲಿ ರಾಜೇಶ್ವರಿಯವರನ್ನು ಮದುವೆಯಾದವರು ಅವರ ಮಗ ಪೂರ್ಣಚಂದ್ರ ತೇಜಸ್ವಿ. ನಮ್ಮ ಮೂಡಿಗೆರೆಯಲ್ಲಿ ಕಾಫಿ ಬೆಳೆದು, 2007ರಲ್ಲಿ ಇಲ್ಲೇ ತೀರಿಕೊಂಡ ಅದೇ ತೇಜಸ್ವಿ. ಅವರ ಹೆಸರಿನ ಪ್ರತಿಷ್ಠಾನ ಕೊಟ್ಟಿಗೆಹಾರದಲ್ಲೇ ಇದೆ. ಹೊರನಾಡಿಗೋ ಧರ್ಮಸ್ಥಳಕ್ಕೋ ಹೋಗುವಾಗ ತಾವು ಅದರ ಮುಂದೆಯೇ ಹಾದಿರಬಹುದು. ಆಮೇಲೆ ರೈತ ಸಂಘದವರೂ ಇಂಥ ಸರಳ ಮದುವೆಗಳನ್ನು ಹಳ್ಳಿಗಳಲ್ಲಿ ನಡೆಸಿದರು. ಘಾಟಿ ಇಳಿದು ಉಜಿರೆ ದಾಟಿದರೆ ಧರ್ಮಸ್ಥಳ. ಅಲ್ಲಿ 1972ರಿಂದ ಸಾಮೂಹಿಕ ವಿವಾಹ ನಡೆದುಕೊಂಡು ಬಂದಿದೆ.

ಇದನ್ನು ಹೇಳಿದಾಗ ರೈತರು ನನಗೆ ಕೊಡುವ ಉತ್ತರವೂ ಸುಳ್ಳಲ್ಲ. "ಸಾರ್, ಕುವೆಂಪು ಮನೆಯವರು ಸರಳವಾಗಿ ಮಾಡಿದರೆ ಆದರ್ಶ ಅಂತಾರೆ. ಮೂರು ಎಕರೆಯವನು ಮಾಡಿದರೆ ಗತಿಯಿಲ್ಲ ಅಂತಾರೆ." ಹೌದು. ನಮ್ಮ ಕಡೆ ಇದೇ ಆಗಿರುವುದು. ಆದ್ದರಿಂದಲೇ ನನ್ನ ಮಾತನ್ನು ಮೂರು ಎಕರೆಯವರಿಗಿಂತ ಮೊದಲು ಐವತ್ತು ಎಕರೆಯವರಿಗೆ ಹೇಳಬೇಕಾಗಿದೆ. 2024ರ ಕೊನೆಯಿಂದ 2025ರ ಆರಂಭದ ತನಕ ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂತು. ಬೆಲೆ ಏರಿದ ವರ್ಷ ದೊಡ್ಡ ಮನೆಯವರು ಹಾಕುವ ಚಪ್ಪರ, ಬೆಲೆ ಬಿದ್ದ ವರ್ಷ ಸಣ್ಣ ಮನೆಯವರಿಗೆ ಅಳತೆಗೋಲಾಗುತ್ತದೆ. 1995ರ ಚಪ್ಪರ 2002ರಲ್ಲಿ ನಮ್ಮ ತಂದೆಯ 38 ಮರ ತಿಂದದ್ದು ಹಾಗೆ. ಐಶ್ವರ್ಯವಿದ್ದವರು ಮನೆಯಂಗಳದಲ್ಲಿ ಮದುವೆ ಮಾಡಿದರೆ ನೂರು ಸಣ್ಣ ತೋಟ ಉಳಿಯುತ್ತವೆ. ಅವರಿಗೆ ಇದನ್ನು ಯಾರು ಹೇಳಬೇಕು? ಸಭೆಗಳಲ್ಲಿ ನಾನೂ ಅವರ ಪಕ್ಕದ ಕುರ್ಚಿಯಲ್ಲೇ ಕೂರುವವನು, ಇನ್ನೂ ಮುಖಕ್ಕೆ ಹೇಳಿಲ್ಲ. ಇಲ್ಲಿ ಬರೆದಿದ್ದೇನೆ.

ಬೆಳೆಸಾಲದ ವಿಷಯ ಎರಡೇ ಮಾತು. ಸಹಕಾರ ಸಂಘದಿಂದ ಬಡ್ಡಿಯಿಲ್ಲದೆ ಸಿಗುವ ಸಾಲವನ್ನು ಮದುವೆಗೆ ತಿರುಗಿಸಿ ಗಡುವಿನೊಳಗೆ ಕಟ್ಟಲಾಗದಿದ್ದರೆ ಬಡ್ಡಿ ಬೀಳುತ್ತದೆ. ಮೇ ತಿಂಗಳಲ್ಲಿ ಹೂವಾದ ಮೇಲಿನ ಗೊಬ್ಬರ ಬಿದ್ದಿರುವುದಿಲ್ಲ, ಬರುವ ವರ್ಷದ ಫಸಲೂ ಕಡಿಮೆಯಾಗುತ್ತದೆ.

ಇನ್ನು ಹೆಣ್ಣುಮಕ್ಕಳ ಪಾಲಿನ ವಿಚಾರ. ಇದನ್ನು ಬರೆಯಲು ನನಗೆ ಸುಲಭವಿಲ್ಲ. "ಅವಳ ಮದುವೆಗೆ ಇಷ್ಟು ಖರ್ಚು ಮಾಡಿದ್ದೇವಲ್ಲ, ಅದೇ ಅವಳ ಪಾಲು" ಎಂಬ ಮಾತು ನಮ್ಮ ಎಲ್ಲ ಮನೆಗಳಲ್ಲೂ ಇದೆ. ಕಾನೂನು ಹಾಗೆ ಹೇಳುವುದಿಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ತಂದಿತು; ಇಡೀ ದೇಶಕ್ಕೆ ಅದು 2005ರಲ್ಲಿ ಬಂತು; ಆ ಹಕ್ಕು ಹುಟ್ಟಿನಿಂದಲೇ ಬರುವುದೆಂದು ಸುಪ್ರೀಂ ಕೋರ್ಟು 2020ರಲ್ಲಿ ತೀರ್ಪು ಕೊಟ್ಟಿತು. ಛತ್ರದ ಬಾಡಿಗೆ, ಹೂವಿನ ಮಂಟಪ ಯಾವುದೂ ಆ ಪಾಲಿನ ಲೆಕ್ಕಕ್ಕೆ ಸೇರುವುದಿಲ್ಲ. ಅವು ಹುಡುಗಿಗೆ ಕೊಟ್ಟದ್ದಲ್ಲ, ಊರಿಗೆ ತೋರಿಸಿದ್ದು.

ಅಪ್ಪ ತೀರಿಕೊಂಡ ಮೇಲೆ ನಾನೂ ತಮ್ಮನೂ ಪಾಲಾಗುವಾಗ ಅಕ್ಕನನ್ನು ಕರೆಸಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡೆವು. ಅವಳು ಜಗಳ ಮಾಡಲಿಲ್ಲ. ಸಹಿ ಹಾಕಿ, ಅಮ್ಮನ ಜೊತೆ ಕೂತು ಊಟ ಮಾಡಿ, ಸಂಜೆ ಬಸ್ಸಿಗೆ ಹೋದಳು. ಅವಳಿಗೆ ಸಿಕ್ಕಿದ್ದೇನೆಂದು ಲೆಕ್ಕ ಹಾಕಿದರೆ, ಬೋರರ್ ತಿಂದ ಪಟ್ಟಿಯೂ ಅವಳದ್ದಲ್ಲ, ಮರದ ದುಡ್ಡೂ ಅವಳ ಕೈಗೆ ಬರಲಿಲ್ಲ. ನಾನೂ ತಮ್ಮನೂ ಈಗ ಆ ಸಹಿಯ ಬಗ್ಗೆ ಮಾತಾಡಲು ತೊಡಗಿದ್ದೇವೆ. ಇನ್ನೂ ಮುಗಿದಿಲ್ಲ.

ಬಣಕಲ್ ಕಡೆಯ ಆ ರೈತರ ಪ್ರಶ್ನೆಗೆ ಕಚೇರಿಯಲ್ಲೇ ಕೂತು ಉತ್ತರ ಹೇಳಬಾರದೆಂದು ಮರುದಿನ ಅವರ ತೋಟಕ್ಕೆ ಹೋದೆ. ಮೇಲಿನ ಪಟ್ಟಿ ಪಶ್ಚಿಮಕ್ಕೆ ಇಳಿಜಾರು, ಮಧ್ಯಾಹ್ನದ ಬಿಸಿಲೆಲ್ಲ ಅಲ್ಲಿಗೇ. ಆ ಪಟ್ಟಿಯ ಒಂದು ಮರವನ್ನೂ ಮುಟ್ಟಬೇಡಿ ಎಂದೆ. ರೊಬಸ್ಟಾ ಕಡೆ ನೆರಳು ಒತ್ತಾಗಿತ್ತು. ಹೇಗೂ ಈ ವರ್ಷ ಮರಗಸಿ ಆಗಬೇಕಿತ್ತು. ಬಳ್ಳಿಯಿಲ್ಲದ, ಒಂದರ ಪಕ್ಕ ಒಂದು ಬಾರದ 11 ಮರಗಳಿಗೆ ಸುಣ್ಣದ ಗುರುತು ಹಾಕಿದೆವು. ವ್ಯಾಪಾರಿಗೆ ಅಷ್ಟೇ ಕೊಡಿ ಎಂದೆ. ಅವರು ಲೆಕ್ಕ ಹಾಕಿದರು. ಛತ್ರಕ್ಕೆ ಸಾಲದು, ಅಂಗಳಕ್ಕೆ ಧಾರಾಳ.

ಆಗ ಅಲ್ಲಿ ಬಂದ ಮಗಳು, ಮದುವೆಯ ಹುಡುಗಿಯೇ, ತಂದೆಯ ಮುಂದೆ ನನ್ನನ್ನು ಕೇಳಿದಳು: "ಮೇಲಿನ ಪಟ್ಟಿಯಲ್ಲಿ ನಂಗೂ ಅರ್ಧ ಎಕರೆ ಬರೆದುಕೊಡೋ ಹಂಗೆ ಅಪ್ಪಂಗೆ ನೀವೇ ಹೇಳಿ ಸಾರ್. ಛತ್ರ ಬೇಡ." ತಂದೆ ನಕ್ಕರು. ನಗೆಯಲ್ಲಿ ಒಪ್ಪಿಗೆ ಇತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ. ತಾಯಿ ಒಳಗಿಂದ ಕಾಫಿ ತಂದರು.

ಮದುವೆ ಅಂಗಳದಲ್ಲಿ ಎಂಬುದಂತೂ ಗಟ್ಟಿಯಾಗಿದೆ. ಎರಡನೇ ಪಂಕ್ತಿಗೆ ಪಲ್ಯ ಬಡಿಸುವ ಕೆಲಸ ನನ್ನದು. ಅದಕ್ಕೆ ಮುಂಚೆ, ಈ ತಿಂಗಳು ಮುಗಿಯುವುದರೊಳಗೆ, ಅರೇಬಿಕಾ ಪಟ್ಟಿಯಲ್ಲಿ ಬೋರರ್ ಹಿಡಿದ ಗಿಡಗಳನ್ನು ಗುರುತಿಸಿ ಕಿತ್ತು ಸುಡಬೇಕೆಂದು ಅವರಿಗೆ ಹೇಳಿ ಬಂದಿದ್ದೇನೆ. ದುಂಬಿ ಹಾರುವ ಮೊದಲು ಆ ಕೆಲಸ ಆಗಬೇಕು. ತಮ್ಮ ತೋಟದಲ್ಲಿಯೂ ಅಷ್ಟೆ.